ಅತಿ ಹೆಚ್ಚು ಇನ್‌ಫ್ಲುಯೆನ್ಸ್ ಮಾಡಿದ ರೈಟರ್

2008ನೇ ಇಸವಿ. ಮೂಡಿಗೆರೆಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಹೇಳುವ ಅತಿಥಿ ಉಪನ್ಯಾಸಕಿ. ಅತಿಥಿ ಎಂಬುದು ಕೇಳಲು ಚೆಂದದ ಪದ. ಆದರೆ ಸ್ಟಾಫ್ ರೂಮಿನಲ್ಲಿ ಈ ಅತಿಥಿಗೆ ಸ್ವಂತದ್ದೊಂದು ಕುರ್ಚಿ ಇರಲಿಲ್ಲ. ಯಾರು ಕ್ಲಾಸಿಗೆ ಹೋಗಿದ್ದಾರೋ ಅವರ ಕುರ್ಚಿಯಲ್ಲಿ ಕೂತಿದ್ದು, ಅವರ ಚಪ್ಪಲಿ ಸದ್ದು ಕೇಳಿದ ಕೂಡಲೇ ಏಳಬೇಕು. ಮದುವೆಯಾದಂದಿನಿಂದ ಮನೆ ನೋಡಿಕೊಂಡೇ ಇದ್ದವಳು ನಾನು. ಯಜಮಾನರಿಗೆ ಪೇಟೆಯಲ್ಲಿ ಸ್ಪ್ರೇಯರ್ ಪಂಪು, ಹೋಸ್ ಪೈಪುಗಳ ಅಂಗಡಿ. ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯ ನಂತರ ಅಂಚೆ ಮೂಲಕ ಎಂ.ಎ. ಮಾಡಿಕೊಂಡಿದ್ದೆ. ಮಗಳು ಹೈಸ್ಕೂಲು ಸೇರಿದ ಮೇಲೆ, ಅಡುಗೆ ಮುಗಿಸಿ ಹತ್ತು ಗಂಟೆಗೆ ಹೋಗಿ ಎರಡಕ್ಕೆ ಮನೆಗೆ ಬರಬಹುದಾದ ಈ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು. ಅಂದರೆ, ಆ ಡಿಸೆಂಬರ್ ತನಕ ಹಾಗಿತ್ತು.

ಡಿಸೆಂಬರಿನಲ್ಲಿ ನಮ್ಮ ಪ್ರಿನ್ಸಿಪಾಲ್ ವೀರಭದ್ರಪ್ಪನವರು ಬೆಂಗಳೂರಿನಲ್ಲಿ ಒಂದು ಕಾರ್ಯಾಗಾರ ಮುಗಿಸಿ ಬಂದರು. ಒಳ್ಳೆಯ ಮನುಷ್ಯರು, ಕಾಮರ್ಸ್ ಮೇಷ್ಟ್ರು. ಆದರೆ ಕಾರ್ಯಾಗಾರಕ್ಕೆ ಹೋಗಿ ಬಂದಾಗಲೆಲ್ಲ ಅವರಿಗೆ ಜ್ವರ ಬಂದಂತಾಗುತ್ತಿತ್ತು. ಹಿಂದಿನ ಸಲ ಬಂದವರು ಎಲ್ಲ ಕಿಟಕಿಗಳಿಗೂ ನಂಬರು ಬರೆಸಿದ್ದರು. ಈ ಸಲ ತಂದದ್ದು 'ಮಲ್ಟಿಮೀಡಿಯಾ ಆನ್‌ಲೈನ್ ಡಿಸ್ಕಷನ್'.

"ಮೇಡಂ, ಫೆಬ್ರವರಿಯಲ್ಲಿ ಕಾಲೇಜಿಗೆ ದರ್ಜೆ ಕೊಡೋ ತಂಡ ಬರ್ತದೆ. ನಾವು ಎಂತಾದ್ರೂ ಹೊಸತು ತೋರಿಸ್ಬೇಕು. ಕಾನ್ವೆಂಟಲ್ಲಿ ಓದಿದವರು ನೀವೊಬ್ರೇ. ನಿಮ್ಮಿಂದಲೇ ಆಗ್ಬೇಕು."

ಕಾನ್ವೆಂಟಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಸಿಸ್ಟರ್‌ಗಳು ನಮಗೆ ಕಲಿಸಿದ್ದು ದೊಡ್ಡವರ ಎದುರು ಕೈ ಹಿಂದೆ ಕಟ್ಟಿ ನಿಂತು 'ಯೆಸ್' ಅನ್ನುವುದನ್ನು. ಅನ್ನಬಾರದ ಕಡೆಯಲ್ಲೆಲ್ಲ ನಾನು ಹಾಗೆ ಅಂದು ಸಿಕ್ಕಿಬಿದ್ದಿದ್ದೇನೆ.

ಗೊತ್ತಿಲ್ಲದವರಿಗೆ ಆ ಸಾಧನ ಏನೆಂದು ಹೇಳಿಬಿಡುತ್ತೇನೆ. ಇಂಟರ್‌ನೆಟ್ಟಿನ ಒಂದು ಪುಟ. ಅದರ ನಡುವೆ ಮೇಷ್ಟ್ರು ಒಂದು ಚಿತ್ರವನ್ನೋ ಪ್ರಶ್ನೆಯನ್ನೋ ಇಡುತ್ತಾರೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು, ಮೈಕಿನಲ್ಲಿ ಮಾತಾಡಿ, ತಮ್ಮ ಅಭಿಪ್ರಾಯವನ್ನು ಅಲ್ಲೇ ರೆಕಾರ್ಡ್ ಮಾಡುತ್ತಾರೆ. ಅದಕ್ಕೆ ಕಾಮೆಂಟ್ ಎನ್ನುತ್ತಾರೆ. ಚಿತ್ರದ ಸುತ್ತ ಒಬ್ಬೊಬ್ಬರದೂ ಪುಟ್ಟ ಚೌಕ. ಒಂದನ್ನು ಒತ್ತಿದರೆ ಅದು ಮಾತಾಡಿ ಮುಗಿಸಿ, ಮುಂದಿನದು ತಾನಾಗಿ ಶುರುವಾಗುತ್ತದೆ. ಹೀಗೆ ಸಾಲಾಗಿ ಕೇಳುತ್ತಾ ಹೋಗಬಹುದು, ಕೇಳಿದ್ದಕ್ಕೆ ಮಾರುತ್ತರವನ್ನೂ ಕೊಡಬಹುದು. ಎಲ್ಲರೂ ಒಂದೇ ಹೊತ್ತಿಗೆ ಸೇರಬೇಕಾಗಿಲ್ಲ. ಕಳಸ, ಹೊರನಾಡು, ಬಾಳೂರು ಕಡೆಯಿಂದ ಬರುವ ನಮ್ಮ ಹುಡುಗರು ಕೊನೆಯ ಪೀರಿಯಡ್ಡಿನಲ್ಲಿ ಪಾಠಕ್ಕಿಂತ ಬಸ್ಸಿನ ಹಾರನ್ನಿಗೇ ಹೆಚ್ಚು ಕಿವಿಗೊಡುತ್ತಿದ್ದುದರಿಂದ, ಯೋಚನೆ ತೀರಾ ಕೆಟ್ಟದ್ದೇನೂ ಆಗಿರಲಿಲ್ಲ.

ಆದರೆ ಅದನ್ನು ನಡೆಸಬೇಕಲ್ಲ! ಲ್ಯಾಬಿನಲ್ಲಿದ್ದ ಎಂಟು ಕಂಪ್ಯೂಟರುಗಳಲ್ಲಿ ಇಂಟರ್‌ನೆಟ್ ಹತ್ತುತ್ತಿದ್ದದ್ದು ಒಂದಕ್ಕೆ. ಆ ಒಂದರ ಹೆಡ್‌ಫೋನಿನ ಸ್ಪಂಜು ಹರಿದು, ಹಾಕಿಕೊಂಡವರ ಕೂದಲಲ್ಲೆಲ್ಲ ಕಪ್ಪು ಪುಡಿ. ಕರೆಂಟು ಹೋದರೆ ರೆಕಾರ್ಡಾದದ್ದೂ ಹೋಯಿತು. ಕರೆಂಟಿದ್ದರೆ 'ಬಫರಿಂಗ್', ಅಂದರೆ ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗುತ್ತಾ ಇರುವುದು, ನಾವು ಅದನ್ನು ನೋಡುತ್ತಾ ಇರುವುದು. ಹುಡುಗರು ಮೈಕನ್ನು ಐಸ್‌ಕ್ಯಾಂಡಿಯ ಹಾಗೆ ಬಾಯಿಗೆ ಹಿಡಿಯುತ್ತಿದ್ದರು. ಹುಡುಗಿಯರು ಅದಕ್ಕೆ ತಾಗಿದರೆ ಏನಾಗುವುದೋ ಎಂಬಂತೆ ಒಂದು ಮೊಳ ದೂರ ಹಿಡಿಯುತ್ತಿದ್ದರು. ಒಂದು ಕಡೆ ಗುಡುಗು, ಇನ್ನೊಂದು ಕಡೆ ಮೌನ.

ಎಲ್ಲಕ್ಕಿಂತ ತಲೆಕೆಡಿಸಿದ್ದು ನಮ್ಮವರ ಮರ್ಯಾದೆ. ಮೊದಲ ಚರ್ಚೆಗೆ 'ಪ್ಲಾಸ್ಟಿಕ್ ಬೇಕೇ ಬೇಡವೇ' ಎಂದು ಕೇಳಿದ್ದೆ. ಮೊದಲನೆಯವನು ಬೇಡ ಎಂದ. ಎರಡನೆಯವಳು, "ಐ ಅಗ್ರೀ ವಿತ್ ಹಿಮ್." ಮೂರನೆಯವನು, "ಐ ಆಲ್ಸೋ ಅಗ್ರೀ." ಕೊನೆಯವನ ತನಕ ಅದೇ. ಚರ್ಚೆ ಎಂದರೆ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪದಿರುವುದೂ ಹೌದು ಎಂದು ನಾನು ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಕಳಸದ ಕಿರಾಣಿ ಅಂಗಡಿಯವರ ಮಗ ಪ್ರಸನ್ನ ಎದ್ದು ನಿಂತ.

"ಮೇಡಂ, ಅವ್ನು ಪಾಪ ಅಷ್ಟು ಕಷ್ಟಪಟ್ಟು ಇಂಗ್ಲಿಷಲ್ಲಿ ಹೇಳಿದ್ದಾನೆ. ಅಲ್ಲ ಅಂತ ಹೇಳಿದ್ರೆ ಬೇಜಾರು ಮಾಡ್ಕೊಳಲ್ವಾ?"

ಇಡೀ ಕ್ಲಾಸು ತಲೆಯಾಡಿಸಿತು. ಅದಕ್ಕೂ ಎಲ್ಲರ ಅಗ್ರೀ.

ಹಾಗಾಗಿ ಎರಡನೆಯ ಸಲ, ಒಬ್ಬೊಬ್ಬರೂ ಬೇರೆ ಬೇರೆ ಉತ್ತರ ಕೊಡಲೇಬೇಕಾದ ಪ್ರಶ್ನೆಯನ್ನೇ ಹುಡುಕಿದೆ. ಮೇಜಿನ ಮುಂದೆ ಪೆನ್ನು ಹಿಡಿದು ಕೂತ ಒಬ್ಬ ಮನುಷ್ಯನ ಹಳೆಯ ಕಪ್ಪು ಬಿಳುಪು ಚಿತ್ರ ಹಾಕಿದೆ. ಕೆಳಗೆ ಇಂಗ್ಲಿಷಿನಲ್ಲಿ ಬರೆದೆ: 'ವಿಚ್ ರೈಟರ್ ಹ್ಯಾಸ್ ಇನ್‌ಫ್ಲುಯೆನ್ಸ್‌ಡ್ ಯುವರ್ ಲೈಫ್ ದಿ ಮೋಸ್ಟ್?' ನಿಮ್ಮ ಬದುಕಿನ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ ಲೇಖಕ ಯಾರು? ಎರಡು ನಿಮಿಷ ಮಾತಾಡಿ. ಬರೆದಾದ ಮೇಲೆ ಒಂದು ಸಲ ಓದಿಕೊಂಡು, ಚೆನ್ನಾಗಿದೆ ಅಂದುಕೊಂಡೆ. ಅಂತಿಮ ಬಿ.ಎ.ಯ ಮೂವತ್ತೊಂದು ಮಕ್ಕಳಿಗೆ ಒಂದು ವಾರ ಸಮಯ.

ವಾರದ ನಂತರ, ಲ್ಯಾಬು ಖಾಲಿಯಿದ್ದ ಮಧ್ಯಾಹ್ನ, ಆ ಹೆಡ್‌ಫೋನಿನ ಕೆಳಗೆ ಕರವಸ್ತ್ರ ಹಾಸಿಕೊಂಡು ಕೇಳಲು ಕೂತೆ. ಮೊದಲ ಹುಡುಗ ಶುರು ಮಾಡಿದ. ನಮ್ಮ ರೈಟರ್ ಹೆಸರು ಧರ್ಮಪ್ಪ. ಬೆಳಗ್ಗೆ ಏಳಕ್ಕೆ ಕೊಡೆ ಹಿಡಿದು ಬರುತ್ತಾರೆ. ತುಂಬಾ ಸ್ಟ್ರಿಕ್ಟ್. ನನ್ನ ಅಣ್ಣನಿಗೆ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸಕ್ಕೆ ಇನ್‌ಫ್ಲುಯೆನ್ಸ್ ಮಾಡಿದ್ದಾರೆ. ಥ್ಯಾಂಕ್ಯೂ.

ನಾನು ಹೆಡ್‌ಫೋನ್ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ.

ಕಾಫಿ ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಹಾಕಿ, ಯಾರು ಯಾವ ಕೆಲಸಕ್ಕೆ ಎಂದು ಹಂಚುವ ಗುಮಾಸ್ತ. ಮಾಲೀಕರ ಮಾತು ಆಳುಗಳು ಇರುವ ಲೈನು ಮನೆಗಳಿಗೂ, ಲೈನು ಮನೆಗಳ ಮಾತು ಮಾಲೀಕರಿಗೂ ತಲುಪುವುದು ಅವರ ಮೂಲಕವೇ. ಇನ್ನು ಇನ್‌ಫ್ಲುಯೆನ್ಸ್ ಎಂದರೆ ನಮ್ಮಲ್ಲಿ ಹಾಲು ಮಾರುವವರೂ ಬಳಸುವ ಪದ. ಅದರ ಅರ್ಥ ಪ್ರಭಾವ ಅಲ್ಲ, ವಶೀಲಿ. ಈ ಊರಿನಲ್ಲಿ ಹುಟ್ಟಿ ಬೆಳೆದ ಯಾರೇ ಆಗಲಿ ನನ್ನ ಪ್ರಶ್ನೆಯನ್ನು ಹೀಗೆಯೇ ಓದುತ್ತಾರೆ: ನಿಮಗಾಗಿ ಅತಿ ಹೆಚ್ಚು ವಶೀಲಿ ಮಾಡಿದ ಗುಮಾಸ್ತ ಯಾರು?

ಹಾಗೆಯೇ ಓದಿದ್ದರು. ಒಬ್ಬನ ಉತ್ತರದ ಹಿನ್ನೆಲೆಯಲ್ಲಿ ಲ್ಯಾಬಿನ ಬಾಗಿಲು ಕಿರುಗುಟ್ಟುತ್ತಿತ್ತು, ಇನ್ನೊಬ್ಬಳದರಲ್ಲಿ ಯಾರೋ "ಬೇಗ ಹೇಳೇ, ಬಸ್ಸು" ಎನ್ನುತ್ತಿದ್ದರು. ಆದರೆ ಎಲ್ಲರದರಲ್ಲೂ ರೈಟರುಗಳು. ಕೊಡೆ ಹಿಡಿದ ರೈಟರುಗಳು, ಸೈಕಲ್ ರೈಟರುಗಳು, ಎಲೆಯಡಿಕೆ ರೈಟರುಗಳು. ದೇವರಮನೆ ಗುಡ್ಡದ ಕಡೆಯ ಸಣ್ಣ ಹಿಡುವಳಿದಾರರ ಮಗಳೊಬ್ಬಳು ಮಾತ್ರ ಕ್ಷಮೆ ಕೇಳಿದ್ದಳು. "ಸಾರಿ ಮೇಡಂ, ನಮ್ಮದು ಮೂರು ಎಕರೆ. ನಮ್ಮಲ್ಲಿ ರೈಟರ್ ಇಲ್ಲ. ಅಪ್ಪನೇ ಓನರ್, ಅಪ್ಪನೇ ರೈಟರ್, ಅಪ್ಪನೇ ಲೇಬರ್." ನನ್ನ ಮನಸ್ಸಿನಲ್ಲಿದ್ದ ಅರ್ಥ ಗೊತ್ತಿರಬೇಕಾಗಿದ್ದ ಪೇಟೆಯ ಮಕ್ಕಳೂ, ತಮಗಿಂತ ಮೊದಲಿನವರು ಹೇಳಿದ್ದನ್ನು ಕೇಳಿ, ನೆಂಟರ ಎಸ್ಟೇಟಿನ ರೈಟರನ್ನು ಸಾಲ ತಂದಿದ್ದರು.

ತಂಡ ಬರಲು ಎರಡು ವಾರವಿತ್ತು. ಅಳುವುದೋ ನಗುವುದೋ ತಿಳಿಯದೆ ಕೇಳುತ್ತಾ ಹೋದವಳು, ಯಶೋದಾಳ ಚೌಕಕ್ಕೆ ಬಂದಾಗ ನೆಟ್ಟಗೆ ಕೂತೆ.

ಯಶೋದಾ ಬಾಳೂರು ಕಡೆಯ ಒಂದು ಎಸ್ಟೇಟಿನ ಮೇಸ್ತ್ರಿ ಮಂಜಯ್ಯನ ಮಗಳು. ಮೇಸ್ತ್ರಿ ಎಂದರೆ ಆಳುಗಳ ಗುಂಪಿನ ಮುಂದಾಳು. ಅವಳು ಮೂಡಿಗೆರೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮೂರು ವರ್ಷದಲ್ಲಿ ಕ್ಲಾಸಿನಲ್ಲಿ ಅವಳ ಧ್ವನಿ ನಾನು ಕೇಳಿದ್ದು ಹಾಜರಿಯ 'ಪ್ರೆಸೆಂಟ್' ಒಂದೇ. ಪ್ರಶ್ನೆ ಕೇಳಿದರೆ ಎದ್ದು ನಿಂತು ಜಡೆಯ ತುದಿಯ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬೆರಳ ತುದಿ ಕೆಂಪಾಗುವುದನ್ನು ನೋಡಲಾರದೆ ನಾನೇ ಕೂರಿಸುತ್ತಿದ್ದೆ.

ಆ ಹುಡುಗಿ ಮೈಕಿನಲ್ಲಿ ಎರಡು ನಿಮಿಷ ಪೂರ್ತಿ ಮಾತಾಡಿದ್ದಳು. ಮುರುಕು ಇಂಗ್ಲಿಷು, ಆದರೆ ತಡವರಿಕೆ ಇಲ್ಲ. ನಮ್ಮ ರೈಟರ್ ಸುಂದರೇಶ್. ಒಳ್ಳೆಯ ಮನುಷ್ಯ. ನನ್ನ ಹಾಸ್ಟೆಲ್ ಸೀಟಿಗೆ ಇನ್‌ಫ್ಲುಯೆನ್ಸ್ ಮಾಡಿದವರು ಅವರೇ. ಅಪ್ಪನಿಗೆ ಕಾಲು ಮುರಿದಾಗ ಎಸ್ಟೇಟಿನ ಜೀಪು ಕೊಡಿಸಿದವರೂ ಅವರೇ. ಈಗ, ನನ್ನನ್ನು ತಮ್ಮ ಅಕ್ಕನ ಮಗನಿಗೆ ಕೊಡಬೇಕೆಂದು ಅಪ್ಪನಿಗೆ ಇನ್‌ಫ್ಲುಯೆನ್ಸ್ ಮಾಡುತ್ತಿದ್ದಾರೆ. ಏಪ್ರಿಲ್‌ನಲ್ಲಿ ಮದುವೆ. ಪರೀಕ್ಷೆ ಮೇ ತಿಂಗಳಲ್ಲಿ. ಆ ಮನೆಯವರು ಸೊಸೆಯನ್ನು ಪರೀಕ್ಷೆಗೆ ಕಳಿಸುವುದಿಲ್ಲವಂತೆ. ಕೊನೆಯಲ್ಲಿ ಅವಳು ಹೇಳಿದ ಎರಡು ವಾಕ್ಯವನ್ನು ಅವಳ ಮಾತಿನಲ್ಲೇ ಕೊಡುತ್ತೇನೆ: "ಐ ವಾಂಟ್ ಟು ರೈಟ್ ಮೈ ಎಕ್ಸಾಮ್. ಬಟ್ ರೈಟರ್ ಈಸ್ ಹಿ."

ಮರುದಿನ ಅವಳನ್ನು ಲೈಬ್ರರಿಯ ಮೂಲೆಗೆ ಕರೆದೆ.

"ನಿನ್ನ ಕಾಮೆಂಟ್ ಕೇಳಿದೆ ಯಶೋದಾ. ಎಲ್ಲರೂ ಕೇಳುವ ಜಾಗ ಅದು, ಗೊತ್ತಲ್ಲ?"

"ಗೊತ್ತು ಮೇಡಂ. ನೀವು ಕೇಳಿದ್ರಲ್ಲ, ಅದಕ್ಕೆ ಉತ್ತರ ಹೇಳಿದ್ದು."

"ಕ್ಲಾಸಿನಲ್ಲಿ ಒಂದು ದಿನ ಬಾಯಿ ಬಿಡದವಳು, ಅಲ್ಲಿ ಹೇಗೆ ಹೇಳಿದೆ?"

"ಕ್ಲಾಸಲ್ಲಿ ಎದ್ದು ನಿಂತ್ರೆ ಎಲ್ಲರೂ ನನ್ನ ಮುಖ ನೋಡ್ತಾರೆ ಮೇಡಂ. ಅಲ್ಲಾದ್ರೆ ಎಲ್ಲರೂ ಆ ಚಿತ್ರ ನೋಡ್ತಾ ಇರ್ತಾರೆ."

ಕಾರ್ಯಾಗಾರದ ಕರಪತ್ರದಲ್ಲಿ ನಾಲ್ಕು ಪುಟ ತುಂಬಾ ಬರೆದಿದ್ದ ಆ ಸಾಧನದ ಪ್ರಯೋಜನ ನನಗೆ ಅರ್ಥವಾದದ್ದು ಆಗಲೇ.

"ನಾನು ನಿನ್ನ ಅಪ್ಪನ ಹತ್ತಿರ ಮಾತಾಡಲಾ?"

"ಬೇಡ ಮೇಡಂ. ನೀವು ಹೇಳಿದ್ರೆ ಅಪ್ಪ ಸಂಜೆ ಹೋಗಿ ರೈಟರ್ ಹತ್ರ ಕೇಳ್ತಾರೆ, ಮೇಡಂ ಹೀಗಂದ್ರು, ಎಂತ ಮಾಡೋದು ಅಂತ."

ಅಷ್ಟರಲ್ಲಿ ಹುಡುಗರು ಅವಳ ಕಾಮೆಂಟನ್ನು ಕೇಳಿಬಿಟ್ಟಿದ್ದರು. ಅಲ್ಲಿಂದ ಮುಂದೆ ಯಾರೂ 'ಐ ಅಗ್ರೀ' ಅನ್ನಲಿಲ್ಲ. ಒಬ್ಬಳು, ಹಿರಿಯರು ಹೇಳಿದಂತೆ ಕೇಳುವುದೇ ಒಳ್ಳೆಯದು ಎಂದಳು. ಇನ್ನೊಬ್ಬಳು ಅವಳ ಮೇಲೆ ಹರಿಹಾಯ್ದಳು. ಯಶೋದಾಳ ಪಕ್ಕದ ಚೌಕದಲ್ಲೇ ಪ್ರಸನ್ನ ಮಾತಾಡಿದ್ದ, ಅದೂ ಕನ್ನಡದಲ್ಲಿ. ಚರ್ಚೆಗೆ ಇಂಗ್ಲಿಷ್ ಮಾತ್ರ ಎಂದು ಪ್ರಿನ್ಸಿಪಾಲರ ಕಟ್ಟಪ್ಪಣೆ ಇತ್ತು. ಕನ್ನಡದ ಕಾಮೆಂಟುಗಳನ್ನು ತೆಗೆಸಬೇಕಾದವಳು ನಾನು. ತೆಗೆಸದೆ ದಿನ ದೂಡಿದೆ.

ಮುಂದಿನ ಶನಿವಾರ ಪೋಷಕರ ಸಭೆ. ತಂಡ ಬರುವ ಮೊದಲು ಅದೂ ಒಂದು ನಡೆದಿರಬೇಕಿತ್ತು. ಖಾಲಿ ಬೆಂಚುಗಳೇ ಹೆಚ್ಚಿದ್ದ ಆ ಸಭೆಯಲ್ಲಿ ಪ್ರಿನ್ಸಿಪಾಲರು ಆನ್‌ಲೈನ್ ಚರ್ಚೆಯ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿ, "ಈಗ ಲ್ಯಾಬಿಗೆ ಬನ್ನಿ, ನಿಮ್ಮ ಮಕ್ಕಳ ಧ್ವನಿ ಅಮೆರಿಕದಲ್ಲೂ ಕೇಳ್ತದೆ, ನೀವೂ ಕೇಳಿ" ಎಂದರು. ನಾನು ಅವರ ಹಿಂದೆಯೇ ಓಡಿದೆ.

"ಸರ್, ಅದು ಇನ್ನೂ ತೋರಿಸುವ ಹಾಗಿಲ್ಲ. ಪ್ರಶ್ನೆ ಸ್ವಲ್ಪ..."

"ಮೇಡಂ, ಮೂವತ್ತೊಂದು ಮಕ್ಕಳು, ನಲವತ್ತಾರು ಕಾಮೆಂಟು! ಇನ್ನೆಂತ ಬೇಕು?"

"ನೀವು ಅದನ್ನು ಕೇಳಿದಿರಾ ಸರ್?"

"ಕೇಳೋದಕ್ಕೆ ನೀವಿಲ್ವಾ?"

ಲ್ಯಾಬಿನಲ್ಲಿ ಏಳೆಂಟು ಪೋಷಕರು ಕಂಪ್ಯೂಟರಿನ ಸುತ್ತ ನಿಂತರು. ಕಾಫಿ ಹಂಚಲು ಬಂದಿದ್ದ ಹುಡುಗಿಯರು ಬಾಗಿಲ ಬಳಿ. ಅವರಲ್ಲಿ ಯಶೋದಾ. ಅಷ್ಟರಲ್ಲಿ ಒಳಗೆ ಬಂದವರು, ಇಸ್ತ್ರಿಯ ಗೆರೆ ಮುರಿಯದ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು, ತೋಳಿಗೆ ಕೊಡೆ ನೇತುಹಾಕಿದ್ದ ಸುಮಾರು ಐವತ್ತರ ಒಬ್ಬರು. ಅವರ ಹಿಂದೆ, ಟ್ರಂಕಿನ ನುಸಿಗುಳಿಗೆ ವಾಸನೆ ಇನ್ನೂ ಹೋಗದ ಬಿಳಿ ಅಂಗಿಯಲ್ಲಿ, ಒಂದು ಕಾಲು ಸ್ವಲ್ಪ ಎಳೆದು ನಡೆಯುವ ಮಂಜಯ್ಯ ಮೇಸ್ತ್ರಿ.

"ನಮಸ್ಕಾರ, ನಾನು ಸುಂದರೇಶ್. ರೈಟರ್," ಎಂದರು ಆ ಪೆನ್ನಿನವರು ಪ್ರಿನ್ಸಿಪಾಲರಿಗೆ. "ನಮ್ಮ ಯಶೋದಾ ನನ್ನ ಹೆಸರು ಇಂಟರ್‌ನೆಟ್ಟಲ್ಲಿ ಹೇಳಿದ್ದಾಳಂತೆ. ಭಾರೀ ಇನ್‌ಫ್ಲುಯೆನ್ಸ್ ಇರೋ ರೈಟರ್ ಅಂತ. ಬಸ್ಸಲ್ಲಿ ಹುಡುಗರು ಹೇಳ್ತಾ ಇದ್ರು. ಒಂದು ಸಲ ಕೇಳಿ ಹೋಗಣ ಅಂತ ಬಂದೆ."

ಅವರ ಮುಖದಲ್ಲಿದ್ದ ಸಂತೋಷ ನೋಡಿ ನಾನು ಮೌಸನ್ನು ನನ್ನ ಕಡೆಗೆ ಎಳೆದುಕೊಂಡೆ.

ಪ್ರಿನ್ಸಿಪಾಲರಿಗೆ ಆ ಗಳಿಗೆಯಲ್ಲೂ ರೈಟರ್ ಎಂದರೆ ಯಾವ ರೈಟರ್ ಎಂಬ ಪ್ರಶ್ನೆ ಏಳಲಿಲ್ಲ. "ಹಾಕಿ ಮೇಡಂ, ಹಾಕಿ!" ಎಂದರು.

ಮೌಸ್ ನನ್ನ ಕೈಯಲ್ಲಿತ್ತು. ನಾನು ಬಾಗಿಲ ಕಡೆ ತಿರುಗಿದೆ. "ಯಶೋದಾ, ಹಾಕಲಾ?"

ಎಲ್ಲರೂ ಅವಳ ಮುಖ ನೋಡಿದರು. ಅವಳು ಕಾಫಿಯ ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹಾಕಿ ಮೇಡಂ," ಎಂದಳು.

ಚಕ್ರ ತಿರುಗಿತು. ನಿಂತಿತು. ಮತ್ತೆ ತಿರುಗಿತು. ಆಮೇಲೆ ಅವಳ ಧ್ವನಿ ಸ್ಪೀಕರಿನಲ್ಲಿ ಬಂತು. ಒಳ್ಳೆಯ ಮನುಷ್ಯ ಎಂಬಲ್ಲಿ ಸುಂದರೇಶ್ ಸುತ್ತಲೂ ನೋಡಿದರು. ಹಾಸ್ಟೆಲ್ ಸೀಟಿಗೆ ತಲೆಯಾಡಿಸಿದರು. ಜೀಪಿನ ಮಾತು ಬಂದಾಗ ಮಂಜಯ್ಯನ ಬೆನ್ನು ತಟ್ಟಿದರು. ಅಕ್ಕನ ಮಗ ಬಂದಾಗ ಆ ಕೈ ಬೆನ್ನ ಮೇಲೆಯೇ ಉಳಿಯಿತು. ರೈಟರಿಗೆ ಇಂಗ್ಲಿಷ್ ಚೆನ್ನಾಗಿ ಅರ್ಥವಾಗುತ್ತಿತ್ತು. ಮಂಜಯ್ಯನಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಅವನು ಮಗಳ ಧ್ವನಿ ಪೆಟ್ಟಿಗೆಯೊಳಗಿಂದ ಬರುತ್ತಿದ್ದ ಖುಷಿಗೇ ಕಣ್ಣರಳಿಸಿ ನಿಂತಿದ್ದ.

"ರೈಟ್ರೇ, ಎಂತ ಅಂದ್ಲು?"

ಸುಂದರೇಶ್ ಗಂಟಲು ಸರಿ ಮಾಡಿಕೊಂಡರು. "ನಾನು ಒಳ್ಳೆ ಮನುಷ್ಯ ಅಂತ ಹೇಳಿದ್ದಾಳೆ ಮಂಜಯ್ಯ. ಜೀಪು ಕೊಡಿಸಿದ್ದು ಎಲ್ಲ ನೆನಪಿಟ್ಟಿದ್ದಾಳೆ."

"ಹೌದಾ!" ಎಂದು ಮಂಜಯ್ಯ ನಕ್ಕ.

ಬಾಗಿಲ ಬಳಿಯ ಹುಡುಗಿಯರು ನೆಲ ನೋಡಿದರು. ಅಷ್ಟರಲ್ಲಿ, ಆ ಸಾಧನದ ರೀತಿಯಂತೆ, ಮುಂದಿನ ಚೌಕ ತಾನಾಗಿ ಶುರುವಾಯಿತು.

"ಮೇಡಂ ಬೈದ್ರೂ ಅಡ್ಡಿಲ್ಲ, ನಾನು ಕನ್ನಡದಲ್ಲೇ ಹೇಳ್ತೇನೆ." ಪ್ರಸನ್ನನ ಧ್ವನಿ, ಮೈಕ್ ಬಾಯೊಳಗೇ ಇಟ್ಟುಕೊಂಡಂತೆ. "ಅಲ್ಲ ಯಶೋದಾ, ನಿಂಗೆ ಈ ಮದುವೆ ಬೇಡ ಅಂದ್ರೆ ನಿಮ್ಮ ಅಪ್ಪನ ಹತ್ರ ಹೇಳೋದು ಬಿಟ್ಟು ಈ ಮಷಿನ್ ಹತ್ರ ಹೇಳ್ತೀಯಲ್ಲ ಮಾರಾಯ್ತಿ!"

"ಮೇಡಂ, ನಿಲ್ಸಿ, ನಿಲ್ಸಿ!" ಪ್ರಿನ್ಸಿಪಾಲರು ಹಾರಿ ಬಂದರು. "ಕನ್ನಡ ಬರ್ತಾ ಇದೆ!"

"ಮೌಸ್ ಹಿಡೀತಾ ಇಲ್ಲ ಸರ್," ಎಂದೆ. ಮೌಸಿನ ಮೇಲೆ ನನ್ನ ಅಂಗೈ ಇತ್ತು. ಅದನ್ನು ನಾನು ತೆಗೆಯಲಿಲ್ಲ.

ಪ್ರಸನ್ನ ಮುಂದುವರಿಸಿದ. "ಮೂರು ವರ್ಷ ಆ ಹಾಸ್ಟೆಲ್ಲಿನ ಹುಳಿ ತಿಂದು ಓದಿ, ಕೊನೇ ಪರೀಕ್ಷೆ ದಿನ ನೀನು ಅವರ ಮನೇಲಿ ಕಡುಬು ಬೇಯಿಸ್ತಾ ಕೂರ್ತೀಯಾ? ರೈಟರ್ ಅವ್ರ ಅಕ್ಕನ ಮಗ ಮೇ ಕಳೆದ್ರೆ ಎಂತ ಓಡಿ ಹೋಗ್ತಾನಾ? ಓಡಿ ಹೋಗೋನಾದ್ರೆ ಹೋಗ್ಲಿ ಬಿಡು. ಇನ್ನೊಂದು ವಿಷಯ, ನಿನ್ನ ನೋಟ್ಸ್ ಇಲ್ಲದಿದ್ರೆ ನಾನು ಪಾಸಾಗೋದಿಲ್ಲ. ಇದು ನನ್ನ ಸ್ವಾರ್ಥ. ಥ್ಯಾಂಕ್ಯೂ ಮೇಡಂ."

ಅದಾದ ಮೇಲೆ ನಾನು ಮೌಸ್ ಒತ್ತಿದೆ. ನಿಂತಿತು.

ಮಂಜಯ್ಯ ಮೊದಲು ಮಗಳನ್ನು ನೋಡಿದ, ಆಮೇಲೆ ರೈಟರನ್ನು, ಮತ್ತೆ ಮಗಳನ್ನು. "ನಿಂಗೆ ಬೇಡ್ವಾ?"

ಯಶೋದಾ ಟ್ರೇ ಹಿಡಿದೇ ಇದ್ದಳು. ರಿಬ್ಬನ್ ಸುತ್ತಿಕೊಳ್ಳಲು ಕೈ ಖಾಲಿ ಇರಲಿಲ್ಲ. "ಪರೀಕ್ಷೆ ಬರೀಬೇಕು ಅಪ್ಪ."

"ಮನೇಲಿ ಎಂತಕ್ಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಮೇಡಂ ಕೇಳಿದ್ರು."

ನಾನು ಕೇಳಿರಲಿಲ್ಲ ಎಂಬುದು ನನಗೆ ಮಾತ್ರ ಗೊತ್ತಿತ್ತು. ಪೆನ್ನು ಹಿಡಿದ ಯಾರೋ ಪುಣ್ಯಾತ್ಮನ ಬಗ್ಗೆ ಕೇಳಿದ್ದೆ ನಾನು.

ಮಂಜಯ್ಯ ರೈಟರ ಕಡೆ ತಿರುಗಿದ. ಜಗಳದ ಧ್ವನಿಯಲ್ಲ, ಮಾಮೂಲಿ ಧ್ವನಿಯಲ್ಲೇ ಕೇಳಿದ. "ನೀವು ಒಳ್ಳೆ ಮನುಷ್ಯ ಅಂತ ಹೇಳಿದ್ದಾಳೆ ಅಂದ್ರಲ್ಲ ರೈಟ್ರೇ."

"ಅದೂ ಹೇಳಿದ್ದಾಳೆ ಮಂಜಯ್ಯ," ಎಂದರು ಸುಂದರೇಶ್. ಸುಳ್ಳೇನಲ್ಲ. ಪಾಪ, ಅವರ ಕಿವಿಗಳೆರಡೂ ಕೆಂಪಗಾಗಿದ್ದವು.

"ಹಂಗಾದ್ರೆ ಪರೀಕ್ಷೆ ಮುಗೀಲಿ."

"ಮುಗೀಲಿ ಅಂದ್ರೆ? ನಾನು ಅಕ್ಕನ ಮನೆಯವರಿಗೆ ಮಾತು ಕೊಟ್ಟಾಗಿದೆ ಮಾರಾಯ. ಈಗ ಅವರಿಗೆ ಎಂತ ಹೇಳೋದು?"

ಮಂಜಯ್ಯ ನಿಜವಾಗಿಯೂ ಯೋಚಿಸಿಯೇ ಹೇಳಿದ. "ನೀವೇ ಎಂತಾದ್ರೂ ಇನ್‌ಫ್ಲುಯೆನ್ಸ್ ಮಾಡಿ."

ಯಾರೋ ಕಿಸಕ್ಕನೆ ನಕ್ಕರು. ಯಾರೆಂದು ನಾನು ತಿರುಗಿ ನೋಡಲಿಲ್ಲ, ನನ್ನದೇ ಬಾಯನ್ನು ಹಿಡಿದುಕೊಳ್ಳಬೇಕಾಗಿತ್ತು. ಸುಂದರೇಶ್ ಕೊಡೆಯನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿ, ಯಶೋದಾಳ ಟ್ರೇಯಿಂದ ಒಂದು ಲೋಟ ಕಾಫಿ ತೆಗೆದುಕೊಂಡರು. ಕುಡಿದು, ಲೋಟವನ್ನು ಅಲ್ಲೇ ಇಟ್ಟು, "ಇಂಗ್ಲಿಷ್ ಪರವಾಗಿಲ್ಲ ನಿಂದು" ಎಂದು ಹೇಳಿ ಹೊರಗೆ ಹೋದರು. ಆ ಮನುಷ್ಯ ಕೆಟ್ಟವನೆಂದು ನನಗೆ ಅಂದೂ ಅನಿಸಲಿಲ್ಲ. ಎಲ್ಲರ ಪರವಾಗಿ ತಾನೇ ಮಾತಾಡಿ ಮಾತಾಡಿ, ಬೇರೆಯವರಿಗೂ ಬಾಯಿದೆ ಎಂಬುದನ್ನು ಮರೆತಿದ್ದರು ಅಷ್ಟೆ.

ಪ್ರಿನ್ಸಿಪಾಲರಿಗೆ ಅರ್ಥವಾದದ್ದು ಸೋಮವಾರ. ಯಾರೋ ಕೂತು ಹೇಳಿರಬೇಕು. ನನ್ನನ್ನು ಕರೆಸಿದರು.

"ಮೇಡಂ, ಇವರೆಲ್ಲ ಎಸ್ಟೇಟ್ ರೈಟರ್ ಬಗ್ಗೆ ಮಾತಾಡಿದ್ದಾರಂತಲ್ಲ! ತಂಡದವರು ಕೇಳಿದ್ರೆ ನನ್ನ ಮಾನ ಉಳೀತದಾ? ಎಲ್ಲ ಅಳಿಸಿ."

"ನನಗೆ ಅಳಿಸಲು ಬರುವುದಿಲ್ಲ ಸರ್. ಯಾರು ಹೇಳಿದರೋ ಅವರೇ ಅವರ ಪಾಸ್‌ವರ್ಡ್ ಹಾಕಿ ಅಳಿಸಬೇಕು."

"ಹಾಕಿಸಿ."

"ಯಾರಿಗೂ ಪಾಸ್‌ವರ್ಡ್ ನೆನಪಿಲ್ಲ ಸರ್."

ಇದು ಮಾತ್ರ ಅಪ್ಪಟ ಸತ್ಯ. ಕೊನೆಗೆ ಆ ಪುಟವನ್ನು ಹೊರಗಿನವರಿಗೆ ಕಾಣದಂತೆ ಮುಚ್ಚಿಟ್ಟು, ಅದೇ ಚಿತ್ರದ ಕೆಳಗೆ ಹೊಸ ಪ್ರಶ್ನೆ ಹಾಕಿದ್ದಾಯಿತು. ಈ ಸಲ 'ಆಥರ್' ಎಂದೇ ಬರೆದೆ, ಉದಾಹರಣೆಯನ್ನೂ ಕೊಟ್ಟೆ. ಮೂವತ್ತೊಂದು ಮಕ್ಕಳೂ ಒಂದೇ ಗೈಡಿನ ಒಂದೇ ಪ್ಯಾರಾವನ್ನು ಒಂದೇ ಉಸಿರಿನಲ್ಲಿ ಓದಿದರು. ಅದರಲ್ಲಿದ್ದ ಅಚ್ಚಿನ ತಪ್ಪನ್ನೂ ಬಿಡಲಿಲ್ಲ. ತಂಡದವರು ಬಂದರು, ಎರಡು ಚೌಕ ಒತ್ತಿ ಕೇಳಿದರು, "ವೆರಿ ಗುಡ್ ಪಾರ್ಟಿಸಿಪೇಷನ್" ಎಂದರು, ಊಟಕ್ಕೆ ಹೋದರು. ನಿಜವಾದ ಚರ್ಚೆ ಮುಚ್ಚಿದ ಪುಟದಲ್ಲಿತ್ತು. ತೋರಿಸಿದ್ದು ಪಠಣ. ಪ್ರಿನ್ಸಿಪಾಲರು ಅಂದು ನನಗೆ ಕೈಮುಗಿದರು. ನಾನು ಮನೆಗೆ ಬಂದು ಪಾತ್ರೆಗಳನ್ನು ಸ್ವಲ್ಪ ಹೆಚ್ಚೇ ಸದ್ದು ಮಾಡಿ ತೊಳೆದೆ.

ಉಳಿದದ್ದು ಆಂತರಿಕ ಅಂಕ. ಕಾರ್ಯಾಗಾರದವರು ಕೊಟ್ಟ ಮಾದರಿಯಲ್ಲಿ 'ರೆಲೆವೆನ್ಸ್', ಅಂದರೆ ಪ್ರಶ್ನೆಗೆ ತಕ್ಕ ಉತ್ತರವೇ ಎಂಬುದಕ್ಕೆ ಐದು ಅಂಕ. ಪ್ರಿನ್ಸಿಪಾಲರ ಪ್ರಕಾರ ರೈಟರ್ ಚರ್ಚೆಗೆ ಎಲ್ಲರಿಗೂ ಸೊನ್ನೆ. ನಾನು ಯಶೋದಾಳಿಗೆ ಐದಕ್ಕೆ ಐದು ಹಾಕಿದೆ, ಪ್ರಸನ್ನನಿಗೆ ನಾಲ್ಕು.

"ಇದು ಹ್ಯಾಗೆ ಮೇಡಂ? ಉತ್ತರವೇ ತಪ್ಪಲ್ವಾ?"

"ಸರ್, ನೀವು ಹುಟ್ಟಿದ್ದು ಎಲ್ಲಿ?"

"ಕೊಟ್ಟಿಗೆಹಾರದ ಹತ್ರ. ಎಂತಕ್ಕೆ?"

"ಚಿಕ್ಕಂದಿನಲ್ಲಿ ರೈಟರ್ ಅಂದರೆ ನಿಮಗೆ ಯಾರು ಕಾಣುತ್ತಿದ್ದರು?"

ಅವರು ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು. ಕೈ ಹಿಂದೆ ಕಟ್ಟಿ ನಿಂತೇ ಅಷ್ಟನ್ನೂ ಮಾತಾಡಿದ್ದೆನೆಂದು ನನಗೆ ಹೊರಗೆ ಬಂದ ಮೇಲೆ ಗೊತ್ತಾಯಿತು.

ಏಪ್ರಿಲ್‌ನಲ್ಲಿ ಮದುವೆ ನಡೆಯಲಿಲ್ಲ. ಸುಂದರೇಶ್ ಅವರ ಅಕ್ಕನ ಮನೆಯವರು ಕಾಯುವುದಿಲ್ಲವೆಂದು ಬೇರೆ ಕಡೆ ಹೆಣ್ಣು ನೋಡಿದರಂತೆ. ಮಂಜಯ್ಯನ ಮೇಸ್ತ್ರಿಗಿರಿ ಹಾಗೇ ಉಳಿಯಿತು. ರೈಟರ್ ಒಂದು ತಿಂಗಳು ಅವನೊಂದಿಗೆ ಬೇಕಾದಷ್ಟೇ ಮಾತಾಡಿ, ಆಮೇಲೆ ಮಳೆ ಶುರುವಾಗುವ ಮುಂಚೆ ನೆರಳು ಮರಗಳ ಕೊಂಬೆ ಸವರುವ ಮರಗಸಿ ಕೆಲಸ ಮುಗಿಸಬೇಕಾದ್ದರಿಂದ ಸಿಟ್ಟು ಬಿಟ್ಟರೆಂದು ಯಶೋದಾ ಹೇಳಿದಳು. ಮೇ ತಿಂಗಳಲ್ಲಿ ಅವಳು ಎಲ್ಲ ಪರೀಕ್ಷೆಗಳನ್ನೂ ಬರೆದಳು. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಪ್ರಸನ್ನನೂ ಪಾಸಾದ, ಹೇಗೋ.

ಆ ಸಾಧನವನ್ನು ಮುಂದಿನ ವರ್ಷ ಯಾರೂ ಮುಟ್ಟಲಿಲ್ಲ. ಪ್ರಿನ್ಸಿಪಾಲರು ಇನ್ನೊಂದು ಕಾರ್ಯಾಗಾರಕ್ಕೆ ಹೋಗಿ ಬಂದಿದ್ದರು. ನಾನು ಇನ್ನೂ ಕೆಲವು ವರ್ಷ ಅಲ್ಲಿ ಪಾಠ ಮಾಡಿದೆ. ಪ್ರಶ್ನೆಗೆ ಸಂಬಂಧವೇ ಇಲ್ಲದ ಉತ್ತರ ಬಂದಾಗ ಕೆಂಪು ಪೆನ್ನು ಎತ್ತುವ ಮೊದಲು, ಈ ಉತ್ತರ ಯಾವ ಪ್ರಶ್ನೆಗೆ ಸರಿಯಾಗುತ್ತದೆ ಎಂದು ಒಂದು ಗಳಿಗೆ ಯೋಚಿಸುವ ಅಭ್ಯಾಸವೊಂದು ಆ ಕೆಲಸದಿಂದ ನನಗೆ ಬಂತು. ಬಂತು ಎಂದರೆ ಸುಲಭವಾಗಿ ಬರಲಿಲ್ಲ. ಆ ಮೇ ತಿಂಗಳಲ್ಲಿ, ಇಂಗ್ಲಿಷ್ ಪರೀಕ್ಷೆಯ ದಿನ, ಹೊರಗೆ ಬಂದ ಯಶೋದಾಳನ್ನು ಹೇಗಾಯಿತು ಎಂದು ಕೇಳಿದ್ದೆ.

"ಸುಲಭ ಇತ್ತು ಮೇಡಂ. ಒಂದು ಪ್ರಶ್ನೆ ಮಾತ್ರ ಅರ್ಥ ಆಗ್ಲಿಲ್ಲ. ನಂಗೆ ಅರ್ಥ ಆದ ಹಾಗೆ ಬರೆದೆ."

'ಪ್ರಶ್ನೆಯನ್ನು ಎರಡು ಸಲ ಓದಬೇಕು ಎಂದು ಎಷ್ಟು ಸಲ ಹೇಳಿದ್ದೇನೆ' ಎಂಬ ಮಾತು ನಾಲಗೆಯ ತುದಿಯವರೆಗೂ ಬಂದಿತ್ತು. ಅವಳ ಬಲಗೈಯ ಮಧ್ಯದ ಬೆರಳಿಗೆ ಶಾಯಿ ಮೆತ್ತಿತ್ತು, ಮುಖ ಬೆಳಗುತ್ತಿತ್ತು.

"ಎಷ್ಟು ಪುಟ ಬರೆದೆ?" ಎಂದು ಕೇಳಿದೆ.